ಟರ್ಬೊ ಕಾರಿನ ಆಯಿಲ್ ಮನೆಯಲ್ಲೇ ಬದಲಿಸುವವರಿಗೆ

ಟರ್ಬೊ ಎಂಜಿನ್ನಿನ ಕಾರಿಗೆ ತಾವೇ ಆಯಿಲ್ ಬದಲಿಸಬೇಕೆಂದಿರುವ ಕಲಬುರಗಿಯ ಮಿತ್ರರು ಮೊದಲು ಕಾರು ನಿಲ್ಲುವ ನೆಲವನ್ನು ಪರೀಕ್ಷಿಸಬೇಕು. ಅಂಗಳಕ್ಕೆ ಹಾಸಿದ ಶಹಾಬಾದ್ ಕಲ್ಲಿನ ಅಡಿ ಪೊಳ್ಳಿದ್ದರೆ ಜಾಕಿನ ಭಾರಕ್ಕೆ ಅದು ಬಿರಿಯುತ್ತದೆ, ಎರೆಮಣ್ಣಿನಲ್ಲಂತೂ ಎತ್ತಿದ ಕಾರನ್ನು ಹೊರುವ ಸ್ಟ್ಯಾಂಡ್ ಹೂತುಹೋಗುತ್ತದೆ. ಆದ್ದರಿಂದ ಗಟ್ಟಿ, ಸಮತಟ್ಟಾದ ಕಾಂಕ್ರೀಟ್ ನೆಲವನ್ನೇ ಆರಿಸಿಕೊಳ್ಳಿ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ದಯವಿಟ್ಟು ಯಾರೂ ಹೋಗಬೇಡಿ.

ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊದ ಶಾಫ್ಟ್ ನಿಮಿಷಕ್ಕೆ 1 ಲಕ್ಷ ಸುತ್ತಿಗೂ ಮೀರಿ ತಿರುಗಬಲ್ಲದಾದ್ದರಿಂದ, ಅದರ ಬೇರಿಂಗಿಗೆ ಜಾರುವಿಕೆ, ತಂಪು ಎರಡನ್ನೂ ಕೊಡುವ ಆಯಿಲ್‌ನ ಆಯ್ಕೆಯಲ್ಲಿ ಅಂದಾಜು ನಡೆಯುವುದಿಲ್ಲ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆಂದು ದಪ್ಪ ಆಯಿಲ್ ಸುರಿಯುವವರಿದ್ದಾರೆ, ಅದು ಸರಿಯಲ್ಲ. ಕಾರಿನ ಕೈಪಿಡಿ ಒಪ್ಪಿದ ದಪ್ಪದ ದರ್ಜೆ ಮತ್ತು ಮಾನದಂಡದ ಸಂಖ್ಯೆ, ಉದಾಹರಣೆಗೆ ಫೋಕ್ಸ್‌ವ್ಯಾಗನ್‌ನ 502 00, ಡಬ್ಬಿಯ ಮೇಲೆ ಇದೆಯೇ ಎಂದು ಓದಿ ನೋಡಿಯೇ ಕೊಳ್ಳಿ.

ಎಂಜಿನ್ ಕುದಿಯುವಷ್ಟು ಬಿಸಿಯಿರದೆ ಬೆಚ್ಚಗಿರುವಾಗ ಹಳೆಯ ಆಯಿಲ್ ಇಳಿಸಿದರೆ ಅದರೊಂದಿಗೆ ಕೊಳೆಯೂ ಬರುತ್ತದೆ. ಫಿಲ್ಟರ್ ಬಿಚ್ಚಿದಾಗ ಹಳೆಯ ರಬ್ಬರ್ ಉಂಗುರ ಎಂಜಿನ್ನಿಗೇ ಅಂಟಿಕೊಂಡಿದೆಯೇ ಎಂದು ಬೆರಳಾಡಿಸಿ ನೋಡಿ, ಹೊಸ ಉಂಗುರಕ್ಕೆ ಆಯಿಲ್ ಸವರಿ ಕೂರಿಸಿ. ಆಯಿಲ್ ಇಳಿಸಲು ಬಿಚ್ಚಿದ ಡ್ರೇನ್ ಬೋಲ್ಟಿಗೆ ಹೊಸ ವಾಷರ್ ಹಾಕಿ, ಬಿಗಿತವನ್ನು ಅಳೆಯುವ ಟಾರ್ಕ್ ಪಾನಾದಿಂದ ಕೈಪಿಡಿಯ ಅಳತೆಗೆ ತಕ್ಕಂತೆ ಬಿಗಿ ಮಾಡಿ, ಏಕೆಂದರೆ ಅಲ್ಯೂಮಿನಿಯಂ ಸಂಪಿನಲ್ಲಿ (ಎಂಜಿನ್ನಿನ ತಳದ ಆಯಿಲ್ ತೊಟ್ಟಿಯಲ್ಲಿ) ಬೋಲ್ಟು ಕೂರುವ ತಿರುಪಿನ ಮರೆ (ಥ್ರೆಡ್) ಬೇಗ ಹಾಳಾಗುತ್ತದೆ.

ಇಳಿಸಿದ ಆಯಿಲ್ಲನ್ನು ಚರಂಡಿಗೆ ಸುರಿಯದೆ, ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಅಧಿಕೃತ ಮರುಬಳಕೆದಾರರಿಗೆ ಕಳಿಸುವ ಸರ್ವಿಸ್ ಕೇಂದ್ರಕ್ಕೆ ಒಪ್ಪಿಸಿ.