ಹಾಯಿದೋಣಿಯಲ್ಲಿ ಎಐಎಸ್: ದೊಡ್ಡ ಹಡಗಿನ ದಾರಿಯಿಂದ ಸಕಾಲದಲ್ಲಿ ಸರಿಯುವುದು ಹೇಗೆ?

ಮುಂಬಯಿಯ ಗೇಟ್‌ವೇ ಆಫ್ ಇಂಡಿಯಾದಿಂದ ಎದುರು ದಡದ ಮಾಂಡ್ವಾಕ್ಕೆ ಹಾಯಿದೋಣಿಯಲ್ಲಿ ಹೋಗುವವರು ಮುಂಬಯಿ ಬಂದರಿಗೂ ನ್ಹಾವಾ ಶೇವಾಕ್ಕೂ ಹೋಗಿಬರುವ ಹಡಗುಗಳ ಕಾಲುವೆಯನ್ನು ದಾಟಲೇಬೇಕು. 15 ನಾಟ್ (ಗಂಟೆಗೆ 15 ನಾಟಿಕಲ್ ಮೈಲು) ವೇಗದ ಹಡಗು ಒಂದು ನಾಟಿಕಲ್ ಮೈಲನ್ನು, ಅಂದರೆ 1,852 ಮೀಟರನ್ನು, ನಾಲ್ಕೇ ನಿಮಿಷಗಳಲ್ಲಿ ಕ್ರಮಿಸುತ್ತದೆ. 4 ನಾಟ್ ವೇಗದ ಹಾಯಿದೋಣಿ ಅಷ್ಟರಲ್ಲಿ ಸಾಗುವುದು ಸುಮಾರು 500 ಮೀಟರ್ ಮಾತ್ರ. ಕಾಲುವೆಯಲ್ಲಲ್ಲದೆ ಬೇರೆಡೆ ಸುರಕ್ಷಿತವಾಗಿ ಸಾಗಲಾರದ ಹಡಗಿಗೆ ಹಾಯಿದೋಣಿಯು ಅಡ್ಡಿಯಾಗಕೂಡದೆಂದು ಅಂತರರಾಷ್ಟ್ರೀಯ ನಿಯಮವೂ ಇರುವುದರಿಂದ, ಸರಿಯಬೇಕಾದವರು ನಾವೇ, ಅದೂ ಬಹಳ ಮುಂಚಿತವಾಗಿ. ಇದಕ್ಕೆ ನೆರವಾಗುವ ಸಾಧನವೇ ಎಐಎಸ್ (ಹಡಗುಗಳ ಸ್ವಯಂಚಾಲಿತ ಗುರುತು ವ್ಯವಸ್ಥೆ) ಸಂಕೇತಗಳನ್ನು ಹಿಡಿಯುವ ರಿಸೀವರ್.

ಅಂತರರಾಷ್ಟ್ರೀಯ ಯಾನದಲ್ಲಿರುವ, 300 ಗ್ರಾಸ್ ಟನ್ ಮತ್ತು ಅದಕ್ಕೂ ದೊಡ್ಡ ಹಡಗುಗಳು ತಮ್ಮ ಹೆಸರು, ಸ್ಥಾನ, ವೇಗ, ದಿಕ್ಕುಗಳನ್ನು ವಿಎಚ್‌ಎಫ್ ರೇಡಿಯೊ ಮೂಲಕ ಸಾರಬೇಕು. ಚಲಿಸುವಾಗ 2ರಿಂದ 10 ಸೆಕೆಂಡುಗಳಿಗೊಮ್ಮೆ, ಲಂಗರು ಹಾಕಿದ್ದಾಗ 3 ನಿಮಿಷಗಳಿಗೊಮ್ಮೆ ಈ ಮಾಹಿತಿ ಹೊರಡುತ್ತದೆ. ಅಂತರಜಾಲದಿಂದ ಹಡಗು ತೋರಿಸುವ ಮೊಬೈಲ್ ಆ್ಯಪ್‌ಗಳಲ್ಲಿ ಮಾಹಿತಿ ತಡವಾಗಿ ಬರಬಹುದಾದ ಕಾರಣ, ಡಿಕ್ಕಿ ತಪ್ಪಿಸಲು ಅವನ್ನು ನಂಬಬಾರದು.

ಮೊದಲು ಆಂಟೆನಾ. ವಿಎಚ್‌ಎಫ್ ಅಲೆಗಳು ಬಹುಮಟ್ಟಿಗೆ ನೇರ ದೃಷ್ಟಿರೇಖೆಯಲ್ಲಿ ಸಾಗುವುದರಿಂದ ಅದನ್ನು ಕೂವೆಮರದ ತುದಿಯಲ್ಲಿ ಕಟ್ಟಿರಿ. ನಿಮ್ಮದು 9 ಮೀಟರ್, ಹಡಗಿನದು 25 ಮೀಟರ್ ಎತ್ತರದಲ್ಲಿದ್ದರೆ ಸುಮಾರು 17 ನಾಟಿಕಲ್ ಮೈಲು ದೂರದಿಂದಲೇ ಸಂಕೇತ ಸಿಗಬಹುದು. ಬಳಿಕ ರಿಸೀವರನ್ನು ಜಿಪಿಎಸ್ ಇರುವ ಚಾರ್ಟ್‌ಪ್ಲಾಟರಿಗೋ (ಕಡಲ ನಕ್ಷೆ ತೋರಿಸುವ ಸಾಧನ) ಟ್ಯಾಬ್ಲೆಟ್ಟಿಗೋ ಜೋಡಿಸಿ, ಲಂಗರು ಹಾಕಿ ನಿಂತಿರುವ ಪರಿಚಿತ ಹಡಗೊಂದನ್ನು ಅದರ ತೆರೆಯ (ಸ್ಕ್ರೀನ್) ಮೇಲೆ ಹುಡುಕಿ ಪರೀಕ್ಷಿಸಿರಿ.

ಇನ್ನು ಮುಖ್ಯವಾದುದು ಎರಡು ಅಂಕಿಗಳು. ಸಿಪಿಎ ಎಂದರೆ ದೋಣಿ, ಹಡಗು ಎರಡೂ ಈಗಿನಂತೆಯೇ ಸಾಗಿದರೆ ಅತಿ ಸಮೀಪಕ್ಕೆ ಬರುವ ಅಂತರ. ಟಿಸಿಪಿಎ ಎಂದರೆ ಅದಕ್ಕೆ ಉಳಿದಿರುವ ಸಮಯ. ತೆರೆದ ಕಡಲಿನಲ್ಲಿ ಸಿಪಿಎ ಒಂದು ನಾಟಿಕಲ್ ಮೈಲು, ಟಿಸಿಪಿಎ 20 ನಿಮಿಷಕ್ಕೆ ಅಲಾರಂ ಇಡುವುದು ಒಳ್ಳೆಯದು. ಬಂದರಿನೊಳಗೆ ಇದನ್ನು ಕಿರಿದು ಮಾಡದಿದ್ದರೆ ಅಲಾರಂ ನಿಲ್ಲುವುದೇ ಇಲ್ಲ, ಕೊನೆಗೆ ಯಾರೂ ಅದಕ್ಕೆ ಕಿವಿಗೊಡುವುದೂ ಇಲ್ಲ. ಆದರೆ ತೆರೆಯ ಮೇಲೆ ಹಡಗನ್ನು ಸೂಚಿಸುವ ತ್ರಿಕೋನವು ಸಾಮಾನ್ಯವಾಗಿ ಹಡಗಿನ ಜಿಪಿಎಸ್ ಆಂಟೆನಾ ಇರುವ ಜಾಗವನ್ನು ತೋರಿಸುತ್ತದೆಂಬುದನ್ನು ಮರೆಯಬಾರದು. 300 ಮೀಟರ್ ಉದ್ದದ ಕಂಟೇನರ್ ಹಡಗಿನಲ್ಲಿ ಆಂಟೆನಾ ಹಿಂಭಾಗದಲ್ಲಿದ್ದರೆ ಮೂತಿ 200 ಮೀಟರಿಗೂ ಮುಂದಿರುತ್ತದೆ. ಹಾಗಿರುವಾಗ ಮುಂದಿನಿಂದ ದಾಟುವವರಿಗೆ 0.1 ನಾಟಿಕಲ್ ಮೈಲು, ಅಂದರೆ 185 ಮೀಟರ್ ಸಿಪಿಎ ಎಂದು ಕಂಡರೂ ಹಡಗಿನ ಮೂತಿ ಅದಕ್ಕಿಂತ ಹತ್ತಿರದಲ್ಲೇ ಹಾದುಹೋಗಬಹುದು. ಸಾಲದ್ದಕ್ಕೆ, ಮೂತಿಯ ಮುಂದೆ 500 ಮೀಟರಿನವರೆಗೆ ನೀರು ಚಾಲಕರಿಗೆ ಕಾಣದಿರಲು ನಿಯಮವೇ ಅವಕಾಶ ಕೊಡುತ್ತದೆ. ಆದ್ದರಿಂದ ಹಿಂದಿನಿಂದ ದಾಟುವುದೇ ಸರಿ. ತಿರುವು ಒಂದೇ ಇರಲಿ, ದೊಡ್ಡದಿರಲಿ, ಅತ್ತ ಹಡಗಿನವರಿಗೂ ತಿಳಿಯುವಂತಿರಲಿ.

ಹಾಯಿ ಮಗುಚಿ ದಿಕ್ಕು ಬದಲಿಸಿದೊಡನೆ ಈ ಅಂಕಿಗಳು ಏರುಪೇರಾಗುತ್ತವೆ. ದೋಣಿ ಹೊಸ ದಿಕ್ಕಿನಲ್ಲಿ ಸ್ಥಿರವಾದ ಮೇಲಷ್ಟೇ ಮತ್ತೆ ಓದಿರಿ. ಗಾಳಿ ಕಡಿಮೆಯಿದ್ದು ಇಳಿತದ ಸೆಳೆತ ಜೋರಾಗಿದ್ದಾಗಲಂತೂ ಹೆಚ್ಚಿನ ಅಂತರ ಇಟ್ಟುಕೊಳ್ಳಬೇಕು.

ರಿಸೀವರ್ ನಿಮ್ಮನ್ನು ಯಾರಿಗೂ ತೋರಿಸುವುದಿಲ್ಲ. ಅದಕ್ಕೆ ಸಂಕೇತವನ್ನು ಕಳಿಸುವ ಸಾಧನ, ಅಂದರೆ ಟ್ರಾನ್ಸ್‌ಪಾಂಡರ್ ಬೇಕು. ಸಣ್ಣ ಮೀನುಗಾರಿಕಾ ದೋಣಿಗಳಲ್ಲಿ ಎಷ್ಟೋ ಸಂಕೇತವನ್ನೇ ಕಳಿಸುವುದಿಲ್ಲ. ಮೇಲಾಗಿ, 2010ರ ಆಗಸ್ಟ್ 7ರಂದು ಮುಂಬಯಿಯ ಹೊರಗೆ ಡಿಕ್ಕಿಯಾದ ಎಂಎಸ್‌ಸಿ ಚಿತ್ರಾ ಮತ್ತು ಖಲೀಜಿಯಾ-3 ಎರಡೂ ಎಐಎಸ್ ಇರಬೇಕಾದ ಗಾತ್ರದವೇ ಆಗಿದ್ದವು. ಹಾಗಾಗಿ ಒಬ್ಬರು ತೆರೆ ನೋಡುತ್ತಿದ್ದರೆ ಇನ್ನೊಬ್ಬರು ಕಡಲನ್ನೇ ನೋಡುತ್ತಿರಬೇಕು. ಕೈ ದಿಕ್ಸೂಚಿಯಲ್ಲಿ ಹಡಗು ಕಾಣುವ ಕೋನ ಬದಲಾಗದೆ ಹಡಗು ಮಾತ್ರ ಹತ್ತಿರವಾಗುತ್ತಿದ್ದರೆ, ತೆರೆ ಏನೇ ಹೇಳಲಿ, ಕೂಡಲೇ ಸರಿಯಿರಿ. ಹಡಗಿನ ನಡೆ ಅರ್ಥವಾಗದಿದ್ದರೆ ವಿಎಚ್‌ಎಫ್ 16ನೇ ಚಾನೆಲ್‌ನಲ್ಲಿ ಹೆಸರು ಹಿಡಿದು ಕರೆಯಿರಿ; ಹೆಸರು ತೆರೆಯ ಮೇಲೆಯೇ ಇರುತ್ತದೆ.