ಸ್ಟ್ಯಾಟಿನ್ ಜೊತೆಗೆ ಚುಚ್ಚುಮದ್ದು: ನಾನು ಅನುಸರಿಸುವ ಕ್ರಮ

ಹೃದಯಾಘಾತವಾದವರ ಎಲ್‌ಡಿಎಲ್ ಕೊಲೆಸ್ಟ್ರಾಲ್ (ರಕ್ತನಾಳಗಳಲ್ಲಿ ಕೂರುವ 'ಕೆಟ್ಟ' ಕೊಲೆಸ್ಟ್ರಾಲ್) ಡೆಸಿಲೀಟರಿಗೆ 55 ಮಿಲಿಗ್ರಾಂಗಿಂತ ಕೆಳಗಿರಬೇಕೆಂದು 2019ರ ಯುರೋಪಿನ ಮಾರ್ಗಸೂಚಿ ಹೇಳಿತು. ಅದನ್ನು ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನು ಗರಿಷ್ಠ ಪ್ರಮಾಣದಲ್ಲಿ ಬರೆದುಕೊಟ್ಟ ಮೇಲೂ 90ರ ಆಸುಪಾಸಿನಲ್ಲೇ ನಿಂತುಬಿಡುವ ರೋಗಿಗಳನ್ನು ಹೃದ್ರೋಗ ವೈದ್ಯನಾದ ನಾನು ಆಗಾಗ ನೋಡುತ್ತೇನೆ. ಅಂಥವರಿಗೆ ನಾನು ಒಮ್ಮೆಲೇ ಎಲ್‌ಡಿಎಲ್ ಇಳಿಸುವ ಚುಚ್ಚುಮದ್ದು ಬರೆಯುವುದಿಲ್ಲ. ಮಾತ್ರೆಯನ್ನು ನಿಜವಾಗಿ ದಿನವೂ ನುಂಗುತ್ತಿದ್ದಾರೆಯೇ ಎಂದು ಗದರಿಕೆಯ ಧ್ವನಿಯಿಲ್ಲದೆ ಕೇಳುತ್ತೇನೆ. ಸ್ನಾಯುನೋವಿನ ಭಯದಿಂದ ತಾವಾಗಿಯೇ ಅರ್ಧಕ್ಕಿಳಿಸಿದವರು ಅದನ್ನು ಹೇಳುವುದು ಹಾಗೆ ಕೇಳಿದಾಗಲೇ. ಥೈರಾಯ್ಡ್ ಕೊರತೆ ಅಥವಾ ಮೂತ್ರದಲ್ಲಿ ಪ್ರೋಟೀನ್ ಸೋರಿಕೆ ಇದ್ದರೂ ಎಲ್‌ಡಿಎಲ್ ಏರುವುದರಿಂದ ಆ ಪರೀಕ್ಷೆಗಳನ್ನೂ ಮಾಡಿಸುತ್ತೇನೆ.

ಇವೆಲ್ಲ ಸರಿಯಿದ್ದರೆ, ಕರುಳು ಕೊಲೆಸ್ಟ್ರಾಲ್ ಹೀರಿಕೊಳ್ಳುವುದನ್ನು ತಗ್ಗಿಸುವ ಎಜೆಟಿಮೈಬ್ ಮಾತ್ರೆಯನ್ನು ಸೇರಿಸುತ್ತೇನೆ. ಸ್ಟ್ಯಾಟಿನ್ ಪ್ರಮಾಣವನ್ನು ಇಮ್ಮಡಿಗೊಳಿಸಿದರೆ ಎಲ್‌ಡಿಎಲ್ ಇನ್ನಷ್ಟು ಇಳಿಯುವುದು ಸುಮಾರು ಶೇಕಡಾ 6ರಷ್ಟು ಮಾತ್ರ. ಎಜೆಟಿಮೈಬ್ ಅದನ್ನು ಸುಮಾರು ಶೇಕಡಾ 20ರಷ್ಟು ಇಳಿಸಬಲ್ಲದು. ಅದರಿಂದಲೂ ಗುರಿ ಮುಟ್ಟದಿದ್ದಾಗ ಚುಚ್ಚುಮದ್ದಿನ ಮಾತು ಬರುತ್ತದೆ.

ರೋಗಿಗಳು ಕೇಳುವ ಮೊದಲ ಪ್ರಶ್ನೆ ಬಹುಮಟ್ಟಿಗೆ ಒಂದೇ: "ಡಾಕ್ಟ್ರೇ, ಇಂಜೆಕ್ಷನ್ ತಗೊಂಡ ಮೇಲೆ ಮಾತ್ರೆ ಬಿಡಬಹುದಾ?" ಇದಕ್ಕೆ ಉತ್ತರಿಸಲು ನಾನು ಸಮಯ ಕೊಡುತ್ತೇನೆ. ಯಕೃತ್ತಿನ ಕೋಶಗಳ ಮೇಲಿರುವ ಗ್ರಾಹಕಗಳು (ರಿಸೆಪ್ಟರ್‌ಗಳು) ರಕ್ತದಿಂದ ಎಲ್‌ಡಿಎಲ್ ಅನ್ನು ಹಿಡಿದು ಒಳಗೆಳೆದುಕೊಂಡು, ಮತ್ತೆ ಅದೇ ಕೆಲಸಕ್ಕೆ ಮೇಲ್ಮೈಗೆ ಮರಳುತ್ತವೆ. ಪಿಸಿಎಸ್‌ಕೆ9 ಎಂಬ ಪ್ರೋಟೀನ್ ಅಂಟಿಕೊಂಡ ಗ್ರಾಹಕ ಮಾತ್ರ ಮರಳದೆ ಕೋಶದೊಳಗೇ ನಾಶವಾಗುತ್ತದೆ. ಸ್ಟ್ಯಾಟಿನ್ ಗ್ರಾಹಕಗಳನ್ನು ಹೆಚ್ಚಿಸುವಾಗಲೇ ಪಿಸಿಎಸ್‌ಕೆ9 ಅನ್ನೂ ಹೆಚ್ಚಿಸಿ, ತನ್ನ ಪರಿಣಾಮಕ್ಕೆ ತಾನೇ ಮಿತಿ ಹಾಕಿಕೊಳ್ಳುತ್ತದೆ. ಪಿಸಿಎಸ್‌ಕೆ9 ಅನ್ನು ತಡೆಯುವ ಚುಚ್ಚುಮದ್ದು ತೆಗೆಯುವುದು ಆ ಮಿತಿಯನ್ನು, ಆದ್ದರಿಂದಲೇ ಎರಡೂ ಜೊತೆಗಿರಬೇಕು. 2017ರಲ್ಲಿ ಪ್ರಕಟವಾದ ಫೋರಿಯರ್ ಅಧ್ಯಯನದಲ್ಲಿ ಇಂಥ ಒಂದು ಚುಚ್ಚುಮದ್ದಾದ ಎವೊಲೊಕ್ಯುಮ್ಯಾಬ್ ಅನ್ನು ಪರೀಕ್ಷಿಸಿದ್ದು ಸ್ಟ್ಯಾಟಿನ್ ಪಡೆಯುತ್ತಿದ್ದ 27,564 ಜನರಲ್ಲಿ. ಅವರಲ್ಲಿ ಚುಚ್ಚುಮದ್ದು ಪಡೆದವರ ಎಲ್‌ಡಿಎಲ್ 92ರಿಂದ 30ಕ್ಕಿಳಿಯಿತು. ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದ್ರೋಗದ ಸಾವು ಸಂಭವಿಸಿದವರ ಪ್ರಮಾಣ ಚುಚ್ಚುಮದ್ದಿನ ಔಷಧಿ ಪಡೆಯದವರಲ್ಲಿ ಶೇಕಡಾ 7.4, ಪಡೆದವರಲ್ಲಿ 5.9 ಆಗಿತ್ತು. ಈ ಲಾಭ ದೊಡ್ಡದೇ ಎಂದು ಕೇಳಿದವರಿಗೆ, ಈಗಾಗಲೇ ಎರಡು ಬಾರಿ ಹೃದಯಾಘಾತವಾದವರಿಗೆ ಅಥವಾ ವಂಶಪಾರಂಪರ್ಯವಾಗಿ ಎಲ್‌ಡಿಎಲ್ ಹೆಚ್ಚಿರುವವರಿಗೆ ಖಂಡಿತ ದೊಡ್ಡದು, ಉಳಿದವರ ವಿಷಯದಲ್ಲಿ ಕುಳಿತು ಮಾತಾಡೋಣ ಎನ್ನುತ್ತೇನೆ.

ಎವೊಲೊಕ್ಯುಮ್ಯಾಬ್ ಮತ್ತು ಅದೇ ಬಗೆಯ ಅಲಿರೊಕ್ಯುಮ್ಯಾಬ್ ಅನ್ನು ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ ರೋಗಿಯೇ ಹೊಟ್ಟೆಯ ಅಥವಾ ತೊಡೆಯ ಚರ್ಮದಡಿಗೆ ಚುಚ್ಚಿಕೊಳ್ಳುತ್ತಾನೆ. ಇನ್‌ಕ್ಲಿಸಿರಾನ್ ಎಂಬ ಇನ್ನೊಂದು ಚುಚ್ಚುಮದ್ದು ಯಕೃತ್ತಿನಲ್ಲಿ ಪಿಸಿಎಸ್‌ಕೆ9 ತಯಾರಾಗುವುದನ್ನೇ ತಗ್ಗಿಸುತ್ತದೆ. ಅದನ್ನು ಆರಂಭದಲ್ಲಿ, ಮೂರು ತಿಂಗಳಿಗೆ, ಆಮೇಲೆ ಆರು ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲೇ ಕೊಡುತ್ತೇವೆ. ಸೂಜಿಗೆ ಅಂಜುವವರಿಗೂ ಮರೆಗುಳಿಗಳಿಗೂ ಇದನ್ನೇ ಸೂಚಿಸುವುದು ನನ್ನ ಒಲವು.

ಎಲ್‌ಡಿಎಲ್ ನಿರೀಕ್ಷೆಯಂತೆ ಇಳಿಯದಿದ್ದರೆ ಔಷಧಿಯನ್ನು ದೂರುವ ಮೊದಲು, ಅವರು ಚುಚ್ಚಿಕೊಳ್ಳುವ ರೀತಿಯನ್ನು ಎದುರಿಗೇ ಮಾಡಿ ತೋರಿಸಲು ಹೇಳುತ್ತೇನೆ. ಫ್ರಿಜ್‌ನಿಂದ ತೆಗೆದ, ಔಷಧಿ ತುಂಬಿದ ಇಂಜೆಕ್ಷನ್ ಪೆನ್ನನ್ನು ಅರ್ಧ ಗಂಟೆ ಹೊರಗಿಡಬೇಕು. ಒತ್ತಿದ ಮೇಲೆ ಔಷಧಿ ಪೂರ್ತಿ ಇಳಿಯುವ ತನಕ ಚರ್ಮದಿಂದ ಎತ್ತಬಾರದು. ಬೇಗ ಎತ್ತಿದರೆ ಒಂದಿಷ್ಟು ಔಷಧಿ ಚರ್ಮದ ಮೇಲೇ ಹರಿದುಹೋಗುತ್ತದೆ.

ಎಲ್‌ಡಿಎಲ್ ಚೆನ್ನಾಗಿ ಇಳಿದವರಲ್ಲಿ ಬೇರೊಂದು ತೊಡಕಿದೆ. ಪ್ರಯೋಗಾಲಯಗಳು ಸಾಮಾನ್ಯವಾಗಿ ಎಲ್‌ಡಿಎಲ್ ಅನ್ನು ಅಳೆಯದೆ ಸೂತ್ರದಿಂದ ಲೆಕ್ಕ ಹಾಕುತ್ತವೆ. ಎಲ್‌ಡಿಎಲ್ ತೀರ ಕಡಿಮೆಯಿದ್ದು, ರಕ್ತದಲ್ಲಿನ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ ಹೆಚ್ಚಿದ್ದಾಗ ಹಳೆಯ ಸೂತ್ರ ನಿಜಕ್ಕಿಂತ ಕಡಿಮೆ ತೋರಿಸಬಹುದು. ಅಂಥ ವರದಿ ಬಂದರೆ ನೇರವಾಗಿ ಅಳೆಸುತ್ತೇನೆ. ವರದಿಯಲ್ಲಿ 20ರ ಅಂಕಿಯನ್ನು ಕಂಡು ಹೆದರಿ ಸ್ಟ್ಯಾಟಿನ್ ನಿಲ್ಲಿಸಬಾರದೆಂದು ಮೊದಲೇ ಹೇಳಿರುತ್ತೇನೆ, ಚೀಟಿಯಲ್ಲೂ ಬರೆದಿರುತ್ತೇನೆ.