ಐದರ ಸ್ಕ್ರೂ ಬಿಚ್ಚಿ ಹತ್ತರದ್ದು ಹಾಕಿದ ಕಥೆ

ನಮ್ಮ ಮರಗೆಲಸದ ಶೆಡ್‌ನಲ್ಲಿ ನಾನೇ ಕಟ್ಟಿಕೊಂಡ ಸಿಎನ್‌ಸಿ ರೂಟರ್ ಇದೆ, ಅಂದರೆ ಕಂಪ್ಯೂಟರ್ ಹೇಳಿದ ಹಾಗೆ ಓಡಿ ಮರ ಕೊರೆಯುವ ಯಂತ್ರ. ನಾಲ್ಕಡಿ ಉದ್ದ, ಎರಡಡಿ ಅಗಲ. ದೇವರಮನೆ ಬಾಗಿಲು, ಮನೆ ಹೆಸರಿನ ಬೋರ್ಡು, ಇಂಥದ್ದೇ ಕೆಲಸ. ಉದ್ದ, ಅಗಲ, ಮೇಲೆ-ಕೆಳಗೆ (ಝಡ್) ಓಡಿಸೋಕೆ ಮೊದಲು ಮೂರೂ ಕಡೆ 1605 ಬಾಲ್‌ಸ್ಕ್ರೂ ಹಾಕಿದ್ದೆ. ಅಂದರೆ 16 ಮಿ.ಮೀ. ದಪ್ಪ, ಒಂದು ಸುತ್ತಿಗೆ 5 ಮಿ.ಮೀ. ಓಟ. ಈ ಓಟ, ಅಂದರೆ ಪಿಚ್, ಚಿಕ್ಕದಿದ್ದಷ್ಟೂ ಕೆಲಸ ನಯ ಅಂತ ಯಾರೋ ಹೇಳಿದ್ದರು, ನಾನೂ ನಂಬಿದೆ.

ತೇಗದ ಹಲಗೆ ಮೇಲೆ ಮೊದಲ ಬೋರ್ಡು ಕೊರೆದಾಗ ಶೆಡ್ ತುಂಬಾ ಸುಟ್ಟ ವಾಸನೆ. ಕೊರೆಯುವ ಬಿಟ್ ತೆಗೆದು ನೋಡಿದರೆ ತುದಿ ಕಪ್ಪಾಗಿತ್ತು, ಕೆಳಗೆ ಬಿದ್ದಿದ್ದು ಚಕ್ಕೆ ಅಲ್ಲ, ಮೈದಾ ಹಿಟ್ಟಿನಂಥ ಪುಡಿ. ಆಮೇಲೆ ಲೆಕ್ಕ ಹಾಕಿದೆ. ಬಿಟ್ ತಿರುಗಿಸುವ ಸ್ಪಿಂಡಲ್ ನಿಮಿಷಕ್ಕೆ 18,000 ಸುತ್ತು, ಬಿಟ್‌ಗೆ ಎರಡು ಹಲ್ಲು, ನಿಮಿಷಕ್ಕೆ 36,000 ಕಡಿತ ಆಯ್ತು. ನಾನು ಓಡಿಸುತ್ತಿದ್ದದ್ದು ನಿಮಿಷಕ್ಕೆ 1,500 ಮಿ.ಮೀ. ಒಂದು ಹಲ್ಲಿಗೆ ಬರೀ 0.04 ಮಿ.ಮೀ. ಚಿಲ್ಲರೆ ಸಿಗುತ್ತೆ, ಅದು ಕಡಿಯೋದಲ್ಲ, ಉಜ್ಜೋದು. 0.1 ಬೇಕು ಅಂದರೆ 3,600 ರಲ್ಲಿ ಓಡಬೇಕು. ಸ್ಪಿಂಡಲ್ ಸುತ್ತು ಇಳಿಸಬಹುದಲ್ವಾ ಅಂತೀರಿ, ಆದರೆ ನನ್ನದು ಗಾಳಿಯಲ್ಲಿ ತಣಿಯೋದು, ಫ್ಯಾನ್ ಅದರ ಶಾಫ್ಟ್‌ಗೇ ಇದೆ, ಸುತ್ತು ತೀರಾ ಇಳಿಸಿದರೆ ಬಲವೂ ಹೋಗುತ್ತೆ, ಬಿಸಿಯೂ ಏರುತ್ತೆ.

ಸರಿ, 3,600 ಕೊಟ್ಟೆ. 2,800ರ ಆಸುಪಾಸಿಗೆ ಬಂದು ನಿಂತುಬಿಡ್ತು. ಮೋಟರ್‌ದೇ ತಪ್ಪು ಅಂತ ಎರಡು ದಿನ ಬೈದುಕೊಂಡೆ. ತಪ್ಪು ನನ್ನದೇ. ಸ್ಕ್ರೂ ತಿರುಗಿಸುವ ಸ್ಟೆಪ್ಪರ್ ಮೋಟರ್‌ನ ಡ್ರೈವರ್‌ನಲ್ಲಿ 16 ಮೈಕ್ರೋಸ್ಟೆಪ್ ಇಟ್ಟಿದ್ದೆ, ಅಂದರೆ ಮೋಟರ್‌ನ ಒಂದೊಂದು ಹೆಜ್ಜೆಯನ್ನೂ 16 ಚೂರು ಮಾಡಿದ್ದೆ, ಚೂರಿಗೊಂದು ಪಲ್ಸ್, ಹಾಗಾಗಿ ಒಂದು ಮಿ.ಮೀ.ಗೆ 640 ಪಲ್ಸ್ ಬೇಕು, ಆರ್ಡುಯಿನೋ ಯುನೋ ಬೋರ್ಡ್ ಮೇಲೆ ಯಂತ್ರ ಓಡಿಸುವ ಜಿಆರ್‌ಬಿಎಲ್ ಸಾಫ್ಟ್‌ವೇರ್ ಸೆಕೆಂಡಿಗೆ ಸುಮಾರು 30,000 ಪಲ್ಸ್‌ಗಿಂತ ಜಾಸ್ತಿ ಕೊಡಲ್ಲ. ಎಂಟಕ್ಕೆ ಇಳಿಸಿದೆ, ಓಡಿತು.

ಆದರೆ ಖಾಲಿ ಓಟಕ್ಕೆ 4,500 ಕೊಟ್ಟಾಗ ಬೇರೆ ಗ್ರಹಚಾರ. ಸ್ಕ್ರೂ ನಿಮಿಷಕ್ಕೆ 900 ಸುತ್ತು ತಿರುಗಬೇಕು. ನನ್ನ ಉದ್ದದ ಸ್ಕ್ರೂ 1,400 ಮಿ.ಮೀ., ಅದರ ಒಂದು ತುದಿಯ ಬೇರಿಂಗ್ ಬ್ಲಾಕ್ ನಾನು ಸ್ವಲ್ಪ ಸೊಟ್ಟಗೆ ಕೂರಿಸಿದ್ದೆ ಬೇರೆ. ಗ್ಯಾಂಟ್ರಿ (ಸ್ಪಿಂಡಲ್ ಹೊತ್ತ ಅಡ್ಡ ಚೌಕಟ್ಟು) ಒಂದು ತುದಿಗೆ ಹೋದಾಗ ಸ್ಕ್ರೂ ನಡುಭಾಗ ಸ್ಕಿಪ್ಪಿಂಗ್ ಹಗ್ಗದ ಥರ ಎಗರುತ್ತಿತ್ತು, ಬೆರಳು ಹತ್ತಿರ ತರೋಕೂ ಭಯ. ಮೋಟರ್ ಕಿರುಚಿ ಸ್ಟೆಪ್ ತಪ್ಪಿಸಿತು. ಸ್ಟೆಪ್ಪರ್ ಅಷ್ಟು ಜೋರಾಗಿ ತಿರುಗುವಾಗ ಅದರ ಬಲ ಹೇಗೂ ಇಳಿದಿರುತ್ತೆ. ಬ್ಲಾಕ್ ನೆಟ್ಟಗೆ ಮಾಡಿದ ಮೇಲೆ ಎಗರೋದು ಕಮ್ಮಿ ಆಯ್ತು, ಸ್ಟೆಪ್ ತಪ್ಪೋದು ನಿಲ್ಲಲಿಲ್ಲ.

ಆಗ ಉದ್ದ, ಅಗಲ ಎರಡಕ್ಕೂ 1610, ಅಂದರೆ ಸುತ್ತಿಗೆ 10 ಮಿ.ಮೀ. ಓಡುವ ಸ್ಕ್ರೂ, ತರಿಸಿದೆ. ನಟ್ ಹೌಸಿಂಗ್, ಬೇರಿಂಗ್ ಬ್ಲಾಕ್ ಎಲ್ಲಾ ಹಳೆಯವೇ ಕೂತವು. ಅದೇ 4,500ಕ್ಕೆ ಈಗ 450 ಸುತ್ತು ಸಾಕು. ತಳ್ಳುವ ಬಲ ಅರ್ಧ ಆಗುತ್ತೆ ನಿಜ, ಆದರೂ ಮರಕ್ಕೆ ಧಾರಾಳ. ಒಂದು ಪಲ್ಸ್‌ಗೆ 0.006 ಮಿ.ಮೀ. ಚಿಲ್ಲರೆ ಬರುತ್ತೆ, ಮಳೆಗಾಲದಲ್ಲಿ ಹಲಗೆಯೇ ಅದಕ್ಕಿಂತ ಜಾಸ್ತಿ ಉಬ್ಬುತ್ತೆ. ಅಲ್ಯೂಮಿನಿಯಂ ಕಡಿಯೋರು ಮಾತ್ರ 1605 ಬಿಡಬೇಡಿ.

ಇನ್ನೊಂದು, ಸಣ್ಣ ಸಣ್ಣ ಅಕ್ಷರ ಕೊರೆಯುವಾಗ ಪಿಚ್‌ಗಿಂತ ಆಕ್ಸಲರೇಷನ್ನೇ, ಅಂದರೆ ವೇಗ ಎಷ್ಟು ಬೇಗ ಏರುತ್ತೆ ಅನ್ನೋದೇ, ಮುಖ್ಯ. ನಾನು 100 (ಮಿ.ಮೀ./ಸೆ²) ಇಟ್ಟಿದ್ದಾಗ 3,600 ಮುಟ್ಟೋಕೇ 18 ಮಿ.ಮೀ. ಬೇಕಿತ್ತು. 300 ಮಾಡಿದೆ, 6ಕ್ಕೆ ಇಳಿಯಿತು.

ಹುಮ್ಮಸ್ಸಿನಲ್ಲಿ ಝಡ್‌ಗೂ 1610 ಹಾಕಿದ್ದೆ. ಒಂದು ವಾರ ಚೆನ್ನಾಗೇ ಇತ್ತು. ಒಂದು ಮಧ್ಯಾಹ್ನ ಕರೆಂಟ್ ಹೋಯ್ತು, ಮೋಟರ್ ಹಿಡಿತ ಬಿಡ್ತು, ಸ್ಪಿಂಡಲ್ ತನ್ನ ಭಾರಕ್ಕೆ ತಾನೇ ಸರ್ರನೆ ಇಳಿದು, ಅರ್ಧ ಮುಗಿದಿದ್ದ ಬಾಗಿಲಿಗೆ ಬಿಟ್ ಕುಕ್ಕಿತು. ಸಂಜೆಯೇ ಹಳೇ 1605 ವಾಪಸ್ ಹಾಕಿದೆ.